ಬೆಂಕಿ ಆರಿಸುವ ಹೊಣೆ ಯಾರದು?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಕನ್ನಡದಲ್ಲೂ ಇದೆ, ಉರ್ದುವಿನಲ್ಲೂ ಇದೆ. ಕನ್ನಡ ಮೇಷ್ಟ್ರು ಅದನ್ನು ವಿಸ್ತರಿಸಿ ಬರೆಯಿರಿ ಎನ್ನುತ್ತಿದ್ದರು. ಉರ್ದು ಕಲಿಸುತ್ತಿದ್ದ ಹಜರತ್ 'ಆಗ್ ಲಗ್ನೆ ಪರ್ ಕುಂವಾ ಖೋದ್ನಾ' ಎಂಬ ಅದೇ ಮಾತನ್ನು ಸ್ವಂತ ವಾಕ್ಯದಲ್ಲಿ ಪ್ರಯೋಗಿಸಲು ಹೇಳುತ್ತಿದ್ದರು. ಎರಡು ಕಡೆಯೂ ನಾವು ಬರೆದದ್ದು ಒಂದೇ ಉದಾಹರಣೆ: ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವ ಹುಡುಗ. ಬೆಂಕಿಯ ಬಗ್ಗೆಯಾಗಲಿ ಬಾವಿಯ ಬಗ್ಗೆಯಾಗಲಿ ಯಾರೂ ಒಂದು ಸಾಲು ಬರೆಯಲಿಲ್ಲ. ಆ ಬಾವಿಯನ್ನು ಮೊದಲೇ ಯಾರು ತೋಡಬೇಕಿತ್ತು? ಮನೆಯ ಯಜಮಾನನೋ, ಬೀದಿಯವರೋ, ಊರನ್ನು ಆಳುವವರೋ? ಗಾದೆ ಇದನ್ನು ಹೇಳುವುದಿಲ್ಲ. ತಡಮಾಡಿದವನನ್ನು ನೋಡಿ ನಕ್ಕು ಸುಮ್ಮನಾಗುತ್ತದೆ.

ಈ ಪ್ರಶ್ನೆಗೆ ಊರುಗಳು ಕೊಟ್ಟುಕೊಂಡ ಉತ್ತರವೇ ಅಗ್ನಿಶಾಮಕ ದಳ. ಕೆಲವು ನಗರಗಳು ಆ ಉತ್ತರದ ಚರಿತ್ರೆಯನ್ನು ವಸ್ತುಸಂಗ್ರಹಾಲಯ ಮಾಡಿ ಕಾಪಾಡಿಕೊಂಡಿವೆ. ಇಸ್ತಾಂಬುಲ್‌ನ ಫಾತಿಹ್ ಬಡಾವಣೆಯಲ್ಲಿ ಅಂಥದ್ದೊಂದಿದೆ. ಲಂಡನ್ನಿನದು 2015ರವರೆಗೆ ಸದರ್ಕ್‌ನ ಹಳೆಯ ಕಟ್ಟಡವೊಂದರಲ್ಲಿತ್ತು. ಅಷ್ಟು ದೂರ ಹೋಗಲಾಗದ ನಮ್ಮಂಥವರಿಗೆ ಇಲ್ಲೇ ಒಂದು ಅವಕಾಶ ಇದೆ. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರ ಠಾಣೆಗಳಲ್ಲಿ ಸಲಕರಣೆಗಳನ್ನು ಜೋಡಿಸಿಡುತ್ತಾರೆ, ಪ್ರಾತ್ಯಕ್ಷಿಕೆ ತೋರಿಸುತ್ತಾರೆ, ಕೇಳಿದವರಿಗೆ ವಿವರಿಸಿ ಹೇಳುತ್ತಾರೆ. ಏಳು ದಿನದ ಮಟ್ಟಿಗೆ ಠಾಣೆಯೇ ವಸ್ತುಸಂಗ್ರಹಾಲಯವಾಗುತ್ತದೆ. ಅಂಥ ಒಂದು ದಿನ ನಮ್ಮ ಮೊಹಲ್ಲಾದ ಏಳೆಂಟು ಮಕ್ಕಳನ್ನು ಕರೆದುಕೊಂಡು ಯಶವಂತಪುರದ ಕಡೆಯ ಠಾಣೆಯೊಂದಕ್ಕೆ ಹೋಗಿದ್ದೆವು.

ಅಂಗಳದಲ್ಲಿ ಮೇಜು ಹಾಕಿ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಸುರುಳಿ ಸುತ್ತಿದ ಹೋಸ್ ಪೈಪುಗಳು, ಅದರ ತುದಿಗೆ ಸಿಕ್ಕಿಸುವ ಬ್ರಾಂಚ್ ಪೈಪು, ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಿಲಿಂಡರು, ಕಬ್ಬಿಣದ ಸರಳು ಕತ್ತರಿಸುವ ಹೈಡ್ರಾಲಿಕ್ ಕಟರು, ಹಗ್ಗ, ಏಣಿ, ಕೊಡಲಿ. ಹಿಂದೆ ಕೆಂಪು ವಾಟರ್ ಟೆಂಡರ್ ನಿಂತಿತ್ತು. ಮಕ್ಕಳಿಗೆ ಅದರ ಮೇಲೆ ಹತ್ತುವ ಆಸೆ, ಸೈರನ್ ಕೇಳುವ ಆಸೆ. ನಮ್ಮ ಕಣ್ಣು ಹೋದದ್ದು ಗೋಡೆಯ ಮೇಲೆ ಕೊಕ್ಕೆಗೆ ತೂಗುಹಾಕಿದ್ದ ಕೆಂಪು ಬಕೆಟುಗಳ ಮೇಲೆ. ಅವುಗಳ ತಳ ಸಪಾಟಾಗಿರುವುದಿಲ್ಲ, ದುಂಡಗಿರುತ್ತದೆ. ನೆಲದ ಮೇಲಿಟ್ಟರೆ ಉರುಳಿಬೀಳುತ್ತದೆ. ಏಕೆ ಹೀಗೆ ಎಂದು ಕೇಳಿದೆವು.

"ತಳ ಸಮ ಇದ್ರೆ ಉಳಿಯುತ್ತಾ ಸಾರ್? ಒಬ್ರು ಬಟ್ಟೆ ನೆನೆಸೋಕೆ ತಗೊಂಡು ಹೋಗ್ತಾರೆ, ಇನ್ನೊಬ್ರು ಗಾರೆ ಹೊರೋಕೆ. ಬೇಕಾದಾಗ ಬಕೆಟೇ ಇರಲ್ಲ," ಎಂದರು ವಿವರಿಸುತ್ತಿದ್ದ ಹಿರಿಯ ಸಿಬ್ಬಂದಿ.

ಆ ಬಕೆಟನ್ನು ಮೊದಲು ರೂಪಿಸಿದವನು ಬೆಂಕಿಗಿಂತ ಹೆಚ್ಚಾಗಿ ಮನುಷ್ಯನನ್ನು ತಿಳಿದುಕೊಂಡಿದ್ದನು ಎನಿಸಿತು. ಎಲ್ಲರಿಗೂ ಸೇರಿದ ವಸ್ತು ಯಾರ ಮನೆಗೂ ಹೋಗದೆ ಗೋಡೆಯ ಮೇಲೆ ಉಳಿಯಬೇಕಾದರೆ ಅದು ಒಬ್ಬರ ಮನೆಯ ಕೆಲಸಕ್ಕೆ ಬಾರದಂತಿರಬೇಕು. ಧರ್ಮಗ್ರಂಥದ ಉಪದೇಶ ಮಾಡಲಾಗದ ಕೆಲಸವನ್ನು ಒಂದು ದುಂಡು ತಳ ಮಾಡುತ್ತಿದೆ.

ಮಕ್ಕಳಲ್ಲಿ ಒಬ್ಬಳು, ಆರನೆಯ ತರಗತಿಯವಳು, ಕೇಳಿದಳು: "ಅಂಕಲ್, ಫೋನ್ ಮಾಡಿದ್ರೆ ಏನೇನು ಕೇಳ್ತೀರ?"

"ಏನು ಉರೀತಾ ಇದೆ, ಎಲ್ಲಿ, ಹತ್ತಿರದ ಗುರುತು ಏನು, ಒಳಗೆ ಯಾರಾದ್ರೂ ಸಿಕ್ಕಿಹಾಕಿಕೊಂಡಿದಾರಾ. ಇಷ್ಟೇ ಪುಟ್ಟಾ. ಆಮೇಲೆ ನಿನ್ನ ನಂಬರಿಗೆ ತಿರುಗಿ ಫೋನ್ ಮಾಡಿ ನಿಜವಾ ಅಂತ ನೋಡ್ಕೋತೀವಿ."

"ಯಾರ ಮನೆ ಅಂತ ಕೇಳಲ್ವಾ?"

"ಯಾರದಾದ್ರೆ ಏನಮ್ಮ?"

ಅವರಿಗೆ ಅದು ದೊಡ್ಡ ಮಾತಾಗಿರಲಿಲ್ಲ. ಮುಂದಿನ ಪ್ರಶ್ನೆಗೆ ಹೋಗಿಬಿಟ್ಟರು. ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿದೊಡನೆ 'ಈಗಷ್ಟೇ ಬೇರೆಯವರಿಗೆ ಮಾತಾಗಿದೆ' ಎಂಬ ಉತ್ತರ ಪಡೆದ ಅನುಭವ ಇರುವ ನಮಗೆ ಮಾತ್ರ ಅದು ಬಹಳ ಹೊತ್ತು ಕಿವಿಯಲ್ಲಿ ಉಳಿಯಿತು. ಹೆಸರು ಕೇಳದೆ ಮನೆಯೊಳಗೆ ನುಗ್ಗುವ ಜನ ಈ ನಗರದಲ್ಲಿ ಎಷ್ಟಿದ್ದಾರೆ?

ಆದರೆ 'ಯಾರದಾದರೇನು' ಎಂಬ ಈ ಮಾತು ಅಷ್ಟು ಸುಲಭವಾಗಿ ಬಂದದ್ದಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮ್ ನಗರದಲ್ಲಿ ಕ್ರಾಸಸ್ ಎಂಬ ಶ್ರೀಮಂತನಿದ್ದ. ಅವನ ಸಂಪತ್ತಿನ ಮೂಲವನ್ನು ಗ್ರೀಕ್ ಲೇಖಕ ಪ್ಲೂಟಾರ್ಕ್ ದಾಖಲಿಸಿದ್ದಾನೆ. ಕಟ್ಟಡ ಕೆಲಸ ಬಲ್ಲ ಐನೂರಕ್ಕೂ ಹೆಚ್ಚು ಗುಲಾಮರನ್ನು ಕ್ರಾಸಸ್ ಇಟ್ಟುಕೊಂಡಿದ್ದ. ಎಲ್ಲಾದರೂ ಬೆಂಕಿ ಬಿದ್ದರೆ ಉರಿಯುತ್ತಿರುವ ಮನೆಯನ್ನೂ ಅದರ ಅಕ್ಕಪಕ್ಕದ ಮನೆಗಳನ್ನೂ ಹೆದರಿದ ಮಾಲೀಕರಿಂದ ಅಗ್ಗಕ್ಕೆ ಕೊಳ್ಳುತ್ತಿದ್ದ. ಹೀಗೆ ರೋಮಿನ ದೊಡ್ಡ ಭಾಗ ಅವನ ಕೈಗೆ ಬಂತು. ನಂತರ ಕ್ರಿ.ಶ. 6ರಲ್ಲಿ ಚಕ್ರವರ್ತಿ ಅಗಸ್ಟಸ್ ನಗರಕ್ಕೆಂದೇ ಕಾವಲು ಪಡೆಯೊಂದನ್ನು ಕಟ್ಟಿದ. ಬೆಂಕಿ ಆರಿಸುವುದು ಅದರ ಕೆಲಸ.

ಲಂಡನ್ನಿನಲ್ಲಿ 1666ರ ಮಹಾ ಅಗ್ನಿಯ ನಂತರ ವಿಮಾ ಕಂಪನಿಗಳು ಹುಟ್ಟಿಕೊಂಡವು. ಪ್ರತಿ ಕಂಪನಿಯೂ ತನ್ನದೇ ದಳ ಇಟ್ಟುಕೊಂಡು, ವಿಮೆ ಮಾಡಿಸಿದ ಮನೆಯ ಗೋಡೆಗೆ ಲೋಹದ ಗುರುತು ಬಡಿಯುತ್ತಿತ್ತು. ಗುರುತಿಲ್ಲದ ಮನೆಯನ್ನು ಉರಿಯಲು ಬಿಟ್ಟು ನೋಡುತ್ತಿದ್ದರು ಎಂಬ ಕಥೆಯನ್ನು ಇತಿಹಾಸಕಾರರು ಅಷ್ಟಾಗಿ ಒಪ್ಪುವುದಿಲ್ಲ. ಏಕೆಂದರೆ ಪಕ್ಕದ ಮನೆ ಉರಿದರೆ ವಿಮೆ ಮಾಡಿಸಿದ ಮನೆಯೂ ಉರಿಯುತ್ತದಲ್ಲ! ಕಂಪನಿಗಳು ಒಟ್ಟಾಗಿ 1833ರಲ್ಲಿ ಒಂದೇ ದಳ ಮಾಡಿಕೊಂಡವು. 1866ರಲ್ಲಿ ಅದು ಸಾರ್ವಜನಿಕ ಸೇವೆಯಾಯಿತು. ಇಸ್ತಾಂಬುಲ್‌ನಲ್ಲಿ ಫ್ರಾನ್ಸಿನಿಂದ ಬಂದು ಇಸ್ಲಾಂ ಸ್ವೀಕರಿಸಿ ದಾವುದ್ ಎಂಬ ಹೆಸರಿಟ್ಟುಕೊಂಡವನೊಬ್ಬ 1720ರ ಹೊತ್ತಿಗೆ ಕೈಪಂಪು ತಯಾರಿಸಿ ಕೊಟ್ಟ. ಆ ಪಂಪನ್ನು ಹೆಗಲ ಮೇಲೆ ಹೊತ್ತು ಓಡುವ 'ತುಲುಂಬಜಿ'ಗಳು ಆ ನಗರದ ಬೀದಿಗಳ ನಾಯಕರಾದರು. ಮರದ ಮನೆಗಳೇ ತುಂಬಿದ್ದ ಊರಿಗೆ ಅವರಿಲ್ಲದೆ ಗತಿ ಇರಲಿಲ್ಲ.

ಇದೆಲ್ಲ ಹಳೆಯ ಕಥೆ, ಈಗ ಹಾಗಿಲ್ಲ ಎನ್ನುವಂತಿಲ್ಲ. 2010ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಒಬಿಯನ್ ಕೌಂಟಿಯಲ್ಲಿ ಒಂದು ಮನೆಗೆ ಬೆಂಕಿ ಬಿತ್ತು. ಪಕ್ಕದ ಪಟ್ಟಣ ಸೌತ್ ಫುಲ್ಟನ್‌ನ ದಳ ಬಂತು. ಬಂದು ನಿಂತು ನೋಡಿತು. ಹಳ್ಳಿಗಾಡಿನವರು ವರ್ಷಕ್ಕೆ 75 ಡಾಲರ್ ಶುಲ್ಕ ಕಟ್ಟಬೇಕಿತ್ತು, ಆ ಮನೆಯವರು ಕಟ್ಟಿರಲಿಲ್ಲ. ಈಗಲೇ ಕೊಡುತ್ತೇವೆ ಎಂದರೂ ಒಪ್ಪಲಿಲ್ಲ. ಬೆಂಕಿ ಶುಲ್ಕ ಕಟ್ಟಿದ್ದ ನೆರೆಯವನ ಜಾಗದ ಕಡೆಗೆ ಹರಿದಾಗ ಮಾತ್ರ ನೀರು ಹಾಯಿಸಿದರು. ಮನೆ ಸುಟ್ಟುಹೋಯಿತು, ಮನೆಯವರ ಮೂರು ನಾಯಿ, ಒಂದು ಬೆಕ್ಕೂ ಹೋದವು. ಆಗ ಆ ದೇಶದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಶುಲ್ಕ ಕಟ್ಟದವನಿಗೂ ಸೇವೆ ಕೊಟ್ಟರೆ ನಾಳೆ ಯಾರು ಕಟ್ಟುತ್ತಾರೆ ಎಂದು ವಾದಿಸಿದವರೂ ಇದ್ದರು. ಲೆಕ್ಕಾಚಾರವಾಗಿ ನೋಡಿದರೆ ಆ ವಾದದಲ್ಲಿ ತಪ್ಪಿಲ್ಲ. ಆದರೆ ಕೈಯಲ್ಲಿ ನೀರಿನ ಪೈಪು ಹಿಡಿದು ಉರಿಯುವ ಮನೆಯನ್ನು ನೋಡುತ್ತ ನಿಂತ ಮನುಷ್ಯನ ಚಿತ್ರವನ್ನು ಯಾವ ಲೆಕ್ಕವೂ ಸಮರ್ಥಿಸಲಾರದು.

ನಮ್ಮಲ್ಲಿ ಹಾಗಿಲ್ಲ ಎಂಬುದು ನಿಜಕ್ಕೂ ಹೆಮ್ಮೆಯ ವಿಷಯ. ಮೈಸೂರು ರಾಜ್ಯವಾಗಿದ್ದಾಗಲೇ, 1964ರಲ್ಲಿ, ಅಗ್ನಿಶಾಮಕ ದಳಕ್ಕೆಂದು ಪ್ರತ್ಯೇಕ ಕಾಯ್ದೆ ಬಂತು. ಇಂದಿನ ಕರ್ನಾಟಕ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಬೆಂಕಿಯನ್ನಷ್ಟೇ ಅಲ್ಲ, ಬಾವಿಗೆ ಬಿದ್ದ ಹಸುವನ್ನೂ, ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ಮರದಲ್ಲಿ ತಲೆಕೆಳಗಾಗಿ ತೂಗುವ ಹದ್ದನ್ನೂ ಇಳಿಸುತ್ತದೆ. ಪೇಟೆಯ ಗಲ್ಲಿಗಳಿಗೆಂದು ಬೈಕಿನ ಮೇಲೆ ನೀರಿನ ಟ್ಯಾಂಕು ಕಟ್ಟಿಕೊಂಡು ಹೋಗುತ್ತದೆ. ಎತ್ತರದ ಕಟ್ಟಡಗಳಿಗೆಂದು 90 ಮೀಟರ್ ಏರುವ ಏಣಿಯ ವಾಹನವೂ ಬಂದಿದೆ. 101 ಒತ್ತಿ, ಇಲ್ಲವೇ 112 ಒತ್ತಿ. ದುಡ್ಡಿಲ್ಲ, ಹೆಸರಿಲ್ಲ.

ಏಪ್ರಿಲ್ 14ನ್ನೇ ಏಕೆ ಆರಿಸಿಕೊಂಡರು ಎಂಬುದನ್ನು ಆ ಹಿರಿಯರು ಮಕ್ಕಳಿಗೆ ಚುಟುಕಾಗಿ ಹೇಳಿದರು. ನಾವು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ 'ಫೋರ್ಟ್ ಸ್ಟಿಕೈನ್' ಎಂಬ ಹಡಗು ನಿಂತಿತ್ತು. ಯುದ್ಧದ ಕಾಲ. ಹಡಗಿನ ಹೊಟ್ಟೆಯಲ್ಲಿ ಸುಮಾರು 1,400 ಟನ್ ಸ್ಫೋಟಕ, ಅದರ ಜೊತೆಗೇ ಹತ್ತಿಯ ಬೇಲುಗಳು. ಅಪಾಯದ ಸರಕು ಇದ್ದರೆ ಹಡಗಿನ ಮೇಲೆ ಕೆಂಪು ಬಾವುಟ ಹಾರಿಸಬೇಕೆಂಬ ನಿಯಮವಿತ್ತು. ಹಾರಿಸಿರಲಿಲ್ಲ. ಮಧ್ಯಾಹ್ನ ಹತ್ತಿಯಿಂದ ಹೊಗೆ ಎದ್ದಿತು. ಅಗ್ನಿಶಾಮಕ ಸಿಬ್ಬಂದಿ ಬಂದು ಗಂಟೆಗಟ್ಟಲೆ ನೀರು ಸುರಿದರು. ಹಡಗನ್ನು ಮುಳುಗಿಸಬೇಕೇ, ಸಮುದ್ರಕ್ಕೆ ಎಳೆಯಬೇಕೇ ಎಂದು ತೀರ್ಮಾನಿಸಬೇಕಾದವರು ತೀರ್ಮಾನಿಸಲಿಲ್ಲ. ಸಂಜೆ ನಾಲ್ಕು ಗಂಟೆ ದಾಟುತ್ತಿದ್ದಂತೆ ಹಡಗು ಸಿಡಿಯಿತು, ಸ್ವಲ್ಪ ಹೊತ್ತಿನಲ್ಲೇ ಮತ್ತೊಮ್ಮೆ ಸಿಡಿಯಿತು. ಸತ್ತವರು ಎಂಟುನೂರಕ್ಕೂ ಹೆಚ್ಚು ಎಂದು ಅಂದಾಜು. ಅವರಲ್ಲಿ 66 ಮಂದಿ ಬೆಂಕಿ ಆರಿಸಲು ಹೋದವರು.

ಆ ಹಡಗಿನಲ್ಲಿ ಚಿನ್ನದ ಗಟ್ಟಿಗಳೂ ಇದ್ದವು. ಸಿಡಿದು ಊರೆಲ್ಲ ಚೆಲ್ಲಿದ ಆ ಗಟ್ಟಿಗಳು ದಶಕಗಳ ನಂತರವೂ ಡಾಕಿನ ಹೂಳೆತ್ತುವಾಗ ಸಿಗುತ್ತಿದ್ದವು. ಮುಂಬಯಿಯಲ್ಲಿ ಇಂದಿಗೂ ಆ ಚಿನ್ನದ ಕಥೆ ಗೊತ್ತಿರುವವರು ಆ 66 ಜನರ ಕಥೆ ಗೊತ್ತಿರುವವರಿಗಿಂತ ಹೆಚ್ಚು ಎಂದರೆ ತಪ್ಪಾಗಲಾರದು.

ಆ 66 ಮಂದಿಗೆ ನಾವು ವರ್ಷಕ್ಕೊಮ್ಮೆ ನಮನ ಸಲ್ಲಿಸುತ್ತೇವೆ. ಸಲ್ಲಿಸಲೇಬೇಕು. ಆದರೆ ಅವರು ಬೆಂಕಿಯಿಂದ ಮಾತ್ರ ಸತ್ತರೇ? ಹಾರಿಸದ ಒಂದು ಬಾವುಟದಿಂದಲೂ ಸತ್ತರು. ವೀರರ ಚಿತ್ರಕ್ಕೆ ಹಾರ ಹಾಕುವಾಗ ಆ ಬಾವುಟದ ಮಾತು ಹಿಂದಕ್ಕೆ ಸರಿಯುತ್ತದೆ. ಹಾರ ದೊಡ್ಡದಾದಷ್ಟೂ ಮಾತು ಸಣ್ಣದಾಗುತ್ತದೆ.

ಇಲ್ಲಿ ನಮ್ಮ ಹಿರಿಯರು ಕಲಿಸಿದ ಒಂದು ವಿಂಗಡಣೆ ನೆನಪಾಗುತ್ತದೆ. ಫರ್ಜ್ ಎಂದರೆ ಕಡ್ಡಾಯ ಕರ್ತವ್ಯ. ಅದರಲ್ಲಿ ಎರಡು ಬಗೆ. ಫರ್ಜೆ ಐನ್ ಎಂಬುದು ಪ್ರತಿಯೊಬ್ಬನೂ ತಾನೇ ಮಾಡಬೇಕಾದದ್ದು. ನಿಮ್ಮ ದಿನದ ನಮಾಜನ್ನು ನಿಮ್ಮ ಪರವಾಗಿ ನೆರೆಯವನು ಮಾಡಲಾಗದು. ಫರ್ಜೆ ಕಿಫಾಯ ಹಾಗಲ್ಲ. ಊರಲ್ಲಿ ಯಾರಾದರೂ ತೀರಿಕೊಂಡರೆ ಕೆಲವರು ಸೇರಿ ಜನಾಜಾ ನಮಾಜು ಮಾಡಿ ಮಣ್ಣು ಮಾಡಿದರೆ ಸಾಕು, ಉಳಿದವರ ಹೊಣೆ ಇಳಿಯುತ್ತದೆ. ಯಾರೂ ಮಾಡದಿದ್ದರೆ ಇಡೀ ಊರೇ ತಪ್ಪಿತಸ್ಥ. ಇಮಾಂ ಗಜಾಲಿಯವರು (ನಿಧನ 1111) ವೈದ್ಯ, ಲೆಕ್ಕ, ಬೇಸಾಯ, ನೇಯ್ಗೆಗಳನ್ನೂ ಈ ಎರಡನೆಯ ಬಗೆಗೆ ಸೇರಿಸಿದ್ದರು. ಎಲ್ಲರೂ ಧಾರ್ಮಿಕ ಕಾನೂನು ಓದಲು ನುಗ್ಗುತ್ತಾರೆ, ಊರಿಗೆ ಬೇಕಾದ ವೈದ್ಯ ಕಲಿಯಲು ಯಾರೂ ಬರುವುದಿಲ್ಲ ಎಂದು ಬೇಸರಪಟ್ಟಿದ್ದರು. ಬೆಂಕಿ ಆರಿಸುವುದನ್ನು ಈ ಪಟ್ಟಿಗೆ ಸೇರಿಸಲು ಯಾರ ತಕರಾರೂ ಇರಲಾರದು.

ಈ ವಿಂಗಡಣೆಯಲ್ಲಿ ಒಂದು ಜಾಣತನ ಇದೆ, ಒಂದು ಅಪಾಯವೂ ಇದೆ. ಊರಿನವರೆಲ್ಲ ಪೈಪು ಹಿಡಿದು ಓಡಬೇಕಾಗಿಲ್ಲ ಎಂಬುದು ಜಾಣತನ. ಹಾಗೆ ಓಡಿದರೆ ಬೆಂಕಿಗಿಂತ ನೂಕುನುಗ್ಗಲೇ ಹೆಚ್ಚು ಜನರನ್ನು ಕೊಂದೀತು. ಅಪಾಯ ಎಂದರೆ, ಯಾರೋ ಮಾಡುತ್ತಿದ್ದಾರೆ ಎಂಬ ನೆಮ್ಮದಿ. ಸ್ನೇಹಿತರೊಬ್ಬರು ಈ ಮಾತು ಬಂದಾಗ "ಸಂಬಳ ತಗೊಂಡು ಮಾಡೋ ಕೆಲಸ ಅಲ್ವೇ, ಅದರಲ್ಲಿ ಫರ್ಜ್ ಎಲ್ಲಿ ಬಂತು?" ಎಂದರು. ಸಂಬಳ ನಾವು ನಮ್ಮ ಪಾಲಿನ ಹೊಣೆಯನ್ನು ತೀರಿಸುವ ಒಂದು ರೀತಿ ಎಂದು ನಾವು ಹೇಳಿದೆವು. ಸಂಬಳದಿಂದ ಗಂಟೆಗಳನ್ನು ಕೊಳ್ಳಬಹುದು. ಹೊಗೆ ತುಂಬಿದ ಮೆಟ್ಟಿಲನ್ನು ಹತ್ತುವ ಮನಸ್ಸಿಗೆ ವೇತನ ಶ್ರೇಣಿ ಎಲ್ಲೂ ಇಲ್ಲ.

ಆದರೆ ಮಾತು ಅಲ್ಲಿಗೂ ಮುಗಿಯುವುದಿಲ್ಲ. ಕಿಫಾಯ ಎಂಬ ಶಬ್ದದ ಅರ್ಥವೇ 'ಸಾಕಾಗುವಷ್ಟು' ಎಂದು. ಕೆಲವರು ಮಾಡಿದ್ದು ಸಾಕಾದರೆ ಮಾತ್ರ ಉಳಿದವರು ಮುಕ್ತರು. ಸಾಕಾಗದಿದ್ದರೆ ಹೊಣೆ ಎಲ್ಲರ ಮೇಲೂ ಹಾಗೇ ಉಳಿಯುತ್ತದೆ. ಒಂದು ವಾಟರ್ ಟೆಂಡರಿನಲ್ಲಿ ಸುಮಾರು 4,500 ಲೀಟರ್ ನೀರು ಹಿಡಿಯುತ್ತದೆ. ಪಂಪನ್ನು ಪೂರ್ತಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಖಾಲಿ. ಆ ಕೆಲವು ನಿಮಿಷಗಳು ಸಾಕಾಗುತ್ತವೆಯೋ ಇಲ್ಲವೋ ಎಂಬುದು ದಳದವರ ಕೈಯಲ್ಲಿಲ್ಲ. ಗಾಡಿ ಎಷ್ಟು ಹೊತ್ತಿಗೆ ತಲುಪಿತು, ಮೆಟ್ಟಿಲ ಬಾಗಿಲು ತೆರೆದಿತ್ತೇ ಎಂಬುದರ ಮೇಲಿದೆ. ಆರ್.ಟಿ. ನಗರದ ಒಳರಸ್ತೆಗಳಲ್ಲಿ, ಟ್ಯಾನರಿ ರಸ್ತೆಯ ಗಲ್ಲಿಗಳಲ್ಲಿ ರಾತ್ರಿ ಹತ್ತರ ಮೇಲೆ ಎರಡೂ ಬದಿಗೆ ಕಾರು ನಿಂತಿರುತ್ತವೆ. ನಡುವೆ ಒಂದು ಆಟೋ ನುಸುಳಿದರೆ ಪುಣ್ಯ. ಕಿಫಾಯವನ್ನು ಸಾಕಾಗದಂತೆ ಮಾಡುತ್ತಿರುವವರು ನಾವೇ, ನಮ್ಮ ನಮ್ಮ ಮನೆ ಮುಂದೆ.

ಠಾಣೆಯ ಮೇಜಿನ ಮೇಲೆ ಆರಿಸುವ ಸಾಧನಗಳೆಲ್ಲ ಇದ್ದವು. ಕೊಂದ ಸಾಧನಗಳು ಇರಲಿಲ್ಲ. ಬೆಂಗಳೂರಿಗೊಂದು ಪೂರ್ಣ ಪ್ರಮಾಣದ ಅಗ್ನಿ ವಸ್ತುಸಂಗ್ರಹಾಲಯವನ್ನು ಕಲ್ಪಿಸಿಕೊಂಡರೆ ಅದರಲ್ಲಿ ಏನೇನು ಇರಬೇಕು? 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಮಕ್ಕಳು. ಆ ಡೇರೆಯ ಬಟ್ಟೆಯ ತುಂಡೊಂದು ಇರಬೇಕು. ಮೈಸೂರನ್ನೂ ಸೇರಿಸಿಕೊಳ್ಳುವುದಾದರೆ ಒಂದು ಗೋಣಿಚೀಲ. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹತ್ತಿ 62 ಮಂದಿ ಸತ್ತರು. ಗೋಡೆಗಳಿಗೆ ಹೊದಿಸಿದ್ದು ಗೋಣಿ, ಒಳಗೆ ದೊಡ್ಡ ದೊಡ್ಡ ದೀಪಗಳ ಕಾವು, ಬೆಂಕಿ ಆರಿಸುವ ಸಲಕರಣೆ ಇಲ್ಲ. ಟಿಪ್ಪುವಿನ ಪಾತ್ರ ಮಾಡಿದ್ದ ಸಂಜಯ್ ಖಾನ್ ಮೈಯೆಲ್ಲ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಬದುಕಿ ಬಂದದ್ದು ನಮ್ಮ ಮನೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು, ದುವಾ ಮಾಡಿದವರೂ ಇದ್ದರು. ಧಾರಾವಾಹಿ ನಂತರ ಮನೆಮನೆಯಲ್ಲೂ ಓಡಿತು. ಆ 62 ಜನರಲ್ಲಿ ಒಬ್ಬರ ಹೆಸರನ್ನಾದರೂ ಹೇಳಬಲ್ಲವರು ನಮಗೆ ಇಂದಿನವರೆಗೆ ಸಿಕ್ಕಿಲ್ಲ.

ಇನ್ನೊಂದು ಗಾಜಿನ ಪೆಟ್ಟಿಗೆಯಲ್ಲಿ ಒಂದು ಬೀಗ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ತಂತಿಗಳ ಕೊಳವೆಯಲ್ಲಿ ಹೊತ್ತಿದ ಬೆಂಕಿ ದೊಡ್ಡದೇನೂ ಆಗಿರಲಿಲ್ಲ. ಕೊಂದದ್ದು ಹೊಗೆ. ಹೊರಗೆ ಹೋಗುವ ದಾರಿಗಳು ಮುಚ್ಚಿದ್ದವು, ತುರ್ತು ಬಾಗಿಲಿಗೆ ಬೀಗ ಬಿದ್ದಿತ್ತು ಎಂದು ಆಗ ವರದಿಯಾಗಿತ್ತು. ಉಸಿರು ಕಟ್ಟಿದವರು ಕಿಟಕಿಯ ಗಾಜು ಒಡೆದು ಕೆಳಕ್ಕೆ ಹಾರಿದರು. ಒಂಬತ್ತು ಮಂದಿ ಸತ್ತರು. ಮಗನನ್ನು ಕಳೆದುಕೊಂಡ ತಂದೆ ಉದಯ್ ವಿಜಯನ್ ಇತರರೊಂದಿಗೆ ಸೇರಿ 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಯ ಬಗ್ಗೆ ತಿಳಿವಳಿಕೆ ಮೂಡಿಸುವ ಕೆಲಸಕ್ಕೆ ಇಳಿದರು. ದುಃಖವನ್ನು ಹೀಗೂ ಬಳಸಬಹುದು.

ಅದಾಗಿ ಸರಿಯಾಗಿ ಒಂಬತ್ತು ವರ್ಷಕ್ಕೆ, 2019ರ ಫೆಬ್ರವರಿ 23ರಂದು, ನಮ್ಮ ಯಲಹಂಕದಲ್ಲೇ ದೊಡ್ಡ ಬೆಂಕಿ ಬಿತ್ತು. ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ. ವಾಹನ ನಿಲ್ಲಿಸುವ ಬಯಲಿನ ಒಣಹುಲ್ಲಿಗೆ ಕಿಡಿ ತಾಗಿ ಸುಮಾರು 300 ಕಾರುಗಳು ಸುಟ್ಟುಹೋದವು. ಹೆಬ್ಬಾಳದ ಕಡೆಯಿಂದಲೂ ಕಪ್ಪು ಹೊಗೆ ಕಾಣಿಸುತ್ತಿತ್ತು. ದೇವರ ದಯೆ, ಯಾರ ಪ್ರಾಣವೂ ಹೋಗಲಿಲ್ಲ. ಸುಟ್ಟ ಕಾರುಗಳ ಮಾಲೀಕರಿಗಾಗಿ ಸಹಾಯ ಕೇಂದ್ರಗಳನ್ನು ತೆರೆದರು, ವಿಮೆ ಬೇಗ ಸಿಗಲಿ ಎಂದು ವ್ಯವಸ್ಥೆ ಮಾಡಿದರು. ಒಳ್ಳೆಯದೇ. ಅದಕ್ಕೆ ಒಂದು ವರ್ಷದ ಹಿಂದೆ, 2018ರ ಜನವರಿ 8ರ ನಸುಕಿನಲ್ಲಿ, ಕಲಾಸಿಪಾಳ್ಯದ ಕೈಲಾಶ್ ಬಾರ್‌ನಲ್ಲಿ ಬೆಂಕಿ ಬಿದ್ದಾಗ ಒಳಗೆ ಐವರು ಕೆಲಸಗಾರರು ಮಲಗಿದ್ದರು. ಹಗಲು ದುಡಿದ ಜಾಗದಲ್ಲೇ ರಾತ್ರಿ ಮಲಗುವ ಹುಡುಗರು. ಐವರೂ ಸತ್ತರು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಗೋದಾಮಿನಲ್ಲಿ ಸತ್ತ ಹತ್ತಾರು ಮಂದಿಯಲ್ಲಿ ಹಬ್ಬದ ದಿನಗಳ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯ ಹುಡುಗರೇ ಹೆಚ್ಚು. ಬೆಂಕಿ ಎಲ್ಲರನ್ನೂ ಸಮನಾಗಿ ಸುಡುತ್ತದೆ ಎನ್ನುವುದು ಕವಿಗಳ ಮಾತು. ಬೆಂಕಿ ಬೀಳುವ ಜಾಗದಲ್ಲಿ ಮಲಗಬೇಕಾದವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಹಿಂದೆ ಊರುಗಳಲ್ಲಿ ಹುಲ್ಲಿನ ಮಾಡು, ಒಂದಕ್ಕೊಂದು ತಾಗಿದ ಗೋಡೆ. ಒಬ್ಬರ ಮನೆಗೆ ಬೆಂಕಿ ಬಿದ್ದರೆ ಬಾವಿಯಿಂದ ಮನೆಯವರೆಗೆ ಸಾಲು ನಿಂತು ಕೊಡ ಕೈಗೆ ಕೈ ದಾಟಿಸುತ್ತಿದ್ದರು. ಅದು ಪ್ರೀತಿಯೋ ಸ್ವಾರ್ಥವೋ ಎಂದು ಕೇಳಿದರೆ ಉತ್ತರ ಕಷ್ಟ. ಅವನ ಮಾಡು ಉರಿದರೆ ಮುಂದಿನದು ನಮ್ಮದು ಎಂಬ ಅರಿವಂತೂ ಇತ್ತು. ಈಗ ಆರ್‌ಸಿಸಿ ಮನೆಗಳು. ಪಕ್ಕದ ಮನೆಯ ಬೆಂಕಿ ನಮ್ಮ ಮನೆಗೆ ಹಬ್ಬುವುದು ಕಡಿಮೆ. ಹುಲ್ಲಿನ ಮಾಡು ನಮ್ಮನ್ನು ನೆರೆಯವರನ್ನಾಗಿ ಮಾಡಿತ್ತು, ಸಿಮೆಂಟು ಪ್ರೇಕ್ಷಕರನ್ನಾಗಿ ಮಾಡಿದೆ. ಬೆಂಕಿ ಬಿದ್ದ ಕಡೆ ಮೊಬೈಲ್ ಎತ್ತಿ ಹಿಡಿದ ಕೈಗಳ ಸಾಲು ಈಗ ಕೊಡ ದಾಟಿಸಿದ ಕೈಗಳ ಸಾಲಿನ ಜಾಗದಲ್ಲಿದೆ.

ಇಷ್ಟು ಹೇಳಿ, ನಮ್ಮದೇ ಓಣಿಯ ಮಾತು ಬಿಟ್ಟರೆ ಅದು ನ್ಯಾಯವಲ್ಲ. 2020ರ ಆಗಸ್ಟ್ 11ರ ರಾತ್ರಿ ಕಾವಲ್ ಬೈರಸಂದ್ರದಲ್ಲಿ, ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಉರಿದ ಬೆಂಕಿ ತಂತಿಯ ದೋಷದಿಂದ ಹತ್ತಿದ್ದಲ್ಲ. ಪ್ರವಾದಿಯವರನ್ನು ನಿಂದಿಸಿದ ಫೇಸ್‌ಬುಕ್ ಬರಹವೊಂದರಿಂದ ಕೆರಳಿದ ಗುಂಪು ಶಾಸಕರ ಮನೆಗೆ, ಪೊಲೀಸ್ ಠಾಣೆಗೆ, ಬೀದಿಯಲ್ಲಿ ನಿಂತ ವಾಹನಗಳಿಗೆ ಬೆಂಕಿ ಹಚ್ಚಿತು. ಗೋಲಿಬಾರಿನಲ್ಲಿ ಮೂವರು ಸತ್ತರು. ಯಾರಿಂದ ಶುರುವಾಯಿತು, ಪೊಲೀಸರು ದೂರು ದಾಖಲಿಸಲು ತಡಮಾಡಿದರೇ, ಹಿಂದೆ ಯಾರ ಕೈವಾಡ ಎಂಬ ವಾದಗಳನ್ನು ನಾವು ಬಹಳ ಕೇಳಿದ್ದೇವೆ. ಬರೆದವನ ತಪ್ಪು ಬರೆದವನದು. ಹಚ್ಚಿದವನ ತಪ್ಪು ಹಚ್ಚಿದವನದು. ಒಂದರಿಂದ ಇನ್ನೊಂದನ್ನು ಕಳೆದರೆ ಸೊನ್ನೆ ಬರುವುದಿಲ್ಲ. ಉರಿದುಹೋದ ಬೈಕುಗಳಲ್ಲಿ ಅದೇ ಬೀದಿಯ ದಿನಗೂಲಿಯವರ ಬೈಕುಗಳೂ ಇದ್ದವು. ಬೆಂಕಿ ಹಚ್ಚಿದವರು ಆಗ ಹೆಸರು ಕೇಳಿರಲಿಲ್ಲ ಎಂಬುದು ಒಂದು ಕ್ರೂರ ವಿನೋದ.

ಅದೇ ರಾತ್ರಿ, ಅದೇ ಬೀದಿಗಳಲ್ಲಿ ಇನ್ನೊಂದು ನಡೆಯಿತು. ಡಿ.ಜೆ. ಹಳ್ಳಿಯ ಆಂಜನೇಯ ದೇವಸ್ಥಾನದ ಸುತ್ತ ಮುಸ್ಲಿಂ ಯುವಕರು ಕೈಗೆ ಕೈ ಹಿಡಿದು ಸರಪಳಿ ಕಟ್ಟಿ ನಿಂತರು. ಆ ದೃಶ್ಯವನ್ನು ದೇಶವೆಲ್ಲ ನೋಡಿತು. ಅವರ ಬಳಿ ಪೈಪಿರಲಿಲ್ಲ, ಹೆಲ್ಮೆಟ್ಟಿರಲಿಲ್ಲ, ಸಂಬಳವಿರಲಿಲ್ಲ. 101ಕ್ಕೆ ಫೋನ್ ಮಾಡಿ ಕಾಯುವಷ್ಟು ಹೊತ್ತೂ ಇರಲಿಲ್ಲ. ಅಲ್ಲಿ ಫರ್ಜೆ ಕಿಫಾಯ ಇಲಾಖೆಯಿಂದ ಮರಳಿ ಮೊಹಲ್ಲಾಕ್ಕೆ ಬಂದಿತ್ತು. ಆ ಕೆಲವರು ನಿಂತದ್ದರಿಂದ ಉಳಿದವರೆಲ್ಲ ಪಾರಾದೆವೇ ಎಂದು ನಮ್ಮನ್ನು ನಾವು ಕೇಳಿಕೊಂಡರೆ, ಇಲ್ಲ ಎಂದೇ ಹೇಳಬೇಕಾಗುತ್ತದೆ. ದೇವಸ್ಥಾನಕ್ಕೆ ಆ ಕೈಗಳು ಸಾಕಾದವು, ಬೀದಿಗೆ ಸಾಕಾಗಲಿಲ್ಲ. ಅಂದು ಕಿಟಕಿ ಮುಚ್ಚಿಕೊಂಡು ಕುಳಿತ ಮನೆಗಳು, ಹೊರಗೆ ಹೊರಟ ಮಗನನ್ನು ಎಲ್ಲಿಗೆ ಎಂದು ಕೇಳದ ಮನೆಗಳು ಸಾವಿರಾರು. ಆ ಸರಪಳಿಯ ಫೋಟೋವನ್ನು ನಾವು ಅಭಿಮಾನದಿಂದ ಎಲ್ಲರಿಗೂ ಕಳಿಸುತ್ತೇವೆ, ಮುಂಬಯಿಯ 66 ಜನರಿಗೆ ಹಾರ ಹಾಕಿದ ಹಾಗೆ.

ಠಾಣೆಯಿಂದ ಬಂದ ಮೇಲೆ ನಾವು ಮಾಡಿದ ಕೆಲಸ ಸಣ್ಣದು. ನಾವು ಬಾಡಿಗೆಗೆ ಇರುವುದು ನಾಲ್ಕು ಮಹಡಿಯ ಕಟ್ಟಡ. ಎಂಟು ಮನೆ, ಒಂದೇ ಮೆಟ್ಟಿಲು, ಮೆಟ್ಟಿಲ ಬುಡದಲ್ಲೇ ಎಲ್ಲರ ವಿದ್ಯುತ್ ಮೀಟರು, ಅದರ ಪಕ್ಕದಲ್ಲೇ ಎಲ್ಲರ ಸ್ಕೂಟರು. ಕೆಳಗೆ ಬೆಂಕಿ ಬಿದ್ದರೆ ಮೇಲಿನವರಿಗೆ ಇರುವ ದಾರಿ ತಾರಸಿ ಒಂದೇ. ತಾರಸಿಯ ಬಾಗಿಲಿಗೆ ಬೀಗ. ಕೀ ಮಾಲೀಕರ ಬಳಿ, ಮಾಲೀಕರು ಬೇರೆ ಬಡಾವಣೆಯಲ್ಲಿ. ಇಂಥ ಮನೆಗಳಿಗೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕಾಗಿಲ್ಲ. ಅದು ಎತ್ತರದ ಕಟ್ಟಡಗಳಿಗೆ.

ಫೋನ್ ಮಾಡಿದರೆ ಅವರು, "ಕೀ ಕೊಟ್ಟರೆ ಹುಡುಗರು ಮೇಲೆ ಹೋಗಿ ಸಿಗರೇಟು ಸೇದ್ತಾರೆ ಸಾಹೇಬ್ರೆ, ಆಮೇಲೆ ಟ್ಯಾಂಕಿನ ವಾಲ್ವ್ ಮುರೀತಾರೆ," ಎಂದರು. ಅವರ ಮಾತೂ ಸುಳ್ಳಲ್ಲ, ಹಿಂದೆ ಎರಡೂ ಆಗಿದ್ದವು. ಎಂಟು ಮನೆಯವರೂ ಸಹಿ ಮಾಡಿ ವಾಲ್ವಿನ ಜವಾಬ್ದಾರಿ ಒಪ್ಪಿಕೊಂಡ ಮೇಲೆ ಒಂದು ಕೀ ಕಳಿಸಿದರು. ಅದೀಗ ಮೂರನೆಯ ಮಹಡಿಯ ಅಜ್ಜಿಯ ಅಡುಗೆಮನೆಯಲ್ಲಿ, ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿದೆ. ಅವರು ಮಗಳ ಮನೆಗೆಂದು ತುಮಕೂರಿಗೆ ಹೋಗುವಾಗ ನಾಲ್ಕನೆಯ ಮಹಡಿಯವರಿಗೆ ಕೊಟ್ಟು ಹೋಗುತ್ತಾರೆ. ಮೆಟ್ಟಿಲ ಬುಡದ ಸ್ಕೂಟರುಗಳನ್ನು ಎಲ್ಲಿ ನಿಲ್ಲಿಸುವುದು ಎಂಬ ಬಗ್ಗೆ ಮಾತ್ರ ಎಂಟು ಮನೆಗಳ ನಡುವೆ ಇನ್ನೂ ಒಪ್ಪಂದವಾಗಿಲ್ಲ.